ರೋಗದ ಹೆಸರು ಲೈನ್ ಗ್ರೂಪಿಗೆ ಹಾಕಿಬಿಟ್ಟಿದ್ದಾರೆ. ಸಿಕ್ ಲೀವ್‌ನಲ್ಲಿರುವವನು ಕಂಪನಿಗೆ ಏನೇನು ಹೇಳಬೇಕು?

ಕಬ್ಬಿನಗದ್ದೆ
8 ಫೆಬ್ರವರಿ 2025

ಪಾಂಡವಪುರ ತಾಲ್ಲೂಕಿನವನು. ಮೈಸೂರು ಕಡೆ ಒಂದು ಫ್ಯಾಕ್ಟರಿಯಲ್ಲಿ ಆಪರೇಟರ್, ಪರ್ಮನೆಂಟ್ ಆಗಿ ಮೂರು ವರ್ಷ ದಾಟಿದೆ. ಸಂಬಳ 18 ಸಾವಿರ, ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) ಕಟ್ ಆಗುತ್ತೆ. ಫ್ಯಾಕ್ಟರಿ ಹೆಸರು ಕೇಳಬೇಡಿ.

ಕುತ್ತಿಗೆಯಲ್ಲಿ ಗಂಟು ಎದ್ದಿತ್ತು. ಸೂಜಿ ಹಾಕಿ ಟೆಸ್ಟ್ ಮಾಡಿದ ಮೇಲೆ ಗಂಟಿನ ಟಿಬಿ ಅಂದರು. ಮಾತ್ರೆ ಶುರುವಾಗಿದೆ. ಸಂಜೆಯಾದರೆ ಜ್ವರ, ಬೆಳಿಗ್ಗೆ ಮಾತ್ರೆ ನುಂಗಿದರೆ ವಾಂತಿ. ಇಎಸ್‌ಐ ಡಾಕ್ಟರ್ ರೆಸ್ಟ್ ಬರೆದುಕೊಟ್ಟರು. ಅದರ ಫೋಟೋ ಸೂಪರ್‌ವೈಸರ್ ನಂಬರಿಗೆ ಕಳಿಸಿದೆ. 'ಇದು ಸಾಲದು, ಸ್ಕ್ಯಾನಿಂಗ್ ರಿಪೋರ್ಟು, ಗಂಟಿನ ರಿಪೋರ್ಟು ಎಲ್ಲಾ ಹಾಕು, ಇಲ್ಲಾಂದ್ರೆ ಆಬ್ಸೆಂಟ್' ಅಂದರು. ಅದನ್ನೂ ಕಳಿಸಿದ್ದಾಯಿತು. ಅರ್ಧ ಗಂಟೆಯಲ್ಲಿ ಆ ರಿಪೋರ್ಟು ನಮ್ಮ ಲೈನಿನ ವಾಟ್ಸಾಪ್ ಗ್ರೂಪಿನಲ್ಲಿತ್ತು. ಕೆಳಗೆ ಒಂದು ಮೆಸೇಜು: 'ಇವನ ಜೊತೆ ಊಟಕ್ಕೆ ಕೂತೋರೆಲ್ಲ ಚೆಕ್ ಮಾಡಿಸ್ಕೊಳ್ಳಿ.'

ಮೊನ್ನೆ ಆಫೀಸಿಂದ ಇಬ್ಬರು ಬೈಕಿನಲ್ಲಿ ಊರಿಗೇ ಬಂದರು. ಮನೆಗೆ ಬರುವ ಮುಂಚೆ ಡೈರಿ ಹತ್ತಿರ ನಿಂತು, ಹಾಲು ಹಾಕೋಕೆ ಬಂದವರನ್ನೆಲ್ಲ 'ಅವನಿಗೆ ನಿಜವಾಗ್ಲೂ ಟಿಬಿನಾ, ಗದ್ದೆ ಕೆಲ್ಸ ಮಾಡ್ತಾನಾ' ಅಂತ ವಿಚಾರಿಸಿದ್ದಾರೆ. ತಂಗಿಗೆ ಗಂಡು ನೋಡ್ತಿದ್ದೀವಿ, ಊರಲ್ಲಿ ಈಗ ಅದೇ ಮಾತು. ನಾನು ಜಗುಲಿ ಮೇಲೆ ಕೂತಿದ್ದನ್ನ ಫೋಟೋ ತೆಗೆದುಕೊಂಡು ಹೋದರು.

ಇವತ್ತು ಹೆಚ್‌ಆರ್ ಫೋನು: 'ಸೋಮವಾರ ಡ್ಯೂಟಿಗೆ ಬಾ, ಆಗಲ್ಲ ಅಂದ್ರೆ ರಿಸೈನ್ ಬರೆದುಕೊಟ್ಟು ಸೆಟ್ಲ್‌ಮೆಂಟ್ ತಗೋ.' ಏನು ಮಾಡಲಿ?

ನಾಲೆಏರಿ
8 ಫೆಬ್ರವರಿ 2025

ತಮ್ಮಾ, ಮೊದ್ಲು ಒಂದ್ ಮಾತು. ಯಾವ ಕಾಗ್ದುಕ್ಕೂ ಸೈನ್ ಹಾಕ್ಬ್ಯಾಡ. ರಿಸೈನ್ ಅಂತ ನಿನ್ ಕೈಲೇ ಬರುಸ್ಕಂಡ್ರೆ, ನಾಳೆ ಯಾವ ಆಫೀಸರ್ ಮುಂದೆ ಹೋಗಿ ನಿಂತ್ರೂವೆ 'ಅವ್ನೇ ಬುಟ್ಟೋದ ಸಾರ್' ಅಂತಾರೆ. ಅಲ್ಲಿಗೆ ಕತೆ ಮುಗೀತು. ಬಿಳಿ ಹಾಳೆಗಂತೂ ಮುಟ್ಟಲೇ ಬ್ಯಾಡ.

ಮೂವತ್ತು ವರ್ಸ ಯೂನಿಯನ್ನಲ್ಲಿ ಇದ್ದೋನು ನಾನು. ಕೆಲ್ಸದಿಂದ ತಗುದ್ ಹಾಕ್ಬೇಕು ಅಂದ್ರೆ ಅವ್ರಿಗೆ ನೂರೆಂಟು ತಲೆನೋವು. ನೋಟೀಸು, ಎನ್‌ಕ್ವೈರಿ, ಕೋರ್ಟು. ಅದ್ಕೇ ಫೋನಲ್ಲಿ ಹೆದ್ರುಸ್ತಾರೆ. ಬರವಣಿಗೇಲಿ ಕೊಡಿ ಅಂತ ಕೇಳ್ನೋಡು, ಯಾರೂ ಕೊಡಕಿಲ್ಲ.

ವಾರ್ಡ್‌ಸಿಸ್ಟರ್
8 ಫೆಬ್ರವರಿ 2025

ಕಬ್ಬಿನಗದ್ದೆಯವರೇ, ಮಾತ್ರೆ ಮಾತ್ರ ನಿಲ್ಲಿಸಬೇಡಿ. ವಾಂತಿ ಜಾಸ್ತಿಯಾದರೆ, ಕಣ್ಣು ಹಳದಿಯಾದರೆ ಕೂಡಲೇ ಡಾಕ್ಟರಿಗೆ ತೋರಿಸಿ, ಲಿವರ್ ಟೆಸ್ಟ್ ಮಾಡುತ್ತಾರೆ. ನಿಕ್ಷಯ್‌ನಲ್ಲಿ, ಅಂದರೆ ಟಿಬಿ ರೋಗಿಗಳ ಸರ್ಕಾರಿ ಪೋರ್ಟಲ್‌ನಲ್ಲಿ, ಹೆಸರು ನೋಂದಾಯಿಸಿದ್ದಾರಾ ಕೇಳಿ. ಪೌಷ್ಟಿಕ ಆಹಾರಕ್ಕೆ ತಿಂಗಳಿಗೆ 1,000 ರೂಪಾಯಿ ನಿಮ್ಮ ಖಾತೆಗೆ ಬರುತ್ತೆ. ಮೊದಲು 500 ಇತ್ತು, 2024ರ ನವೆಂಬರ್‌ನಿಂದ ಸಾವಿರ ಮಾಡಿದರು.

ಗ್ರೂಪಿನಲ್ಲಿ ಆ ಮೆಸೇಜ್ ಹಾಕಿದವರಿಗೆ ಯಾರಾದರೂ ಇಷ್ಟು ಹೇಳಿ: ಕುತ್ತಿಗೆ ಗಂಟಿನ ಟಿಬಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಹರಡುವುದು ಶ್ವಾಸಕೋಶದ್ದು, ಕೆಮ್ಮಿದಾಗ ಗಾಳಿಯಲ್ಲಿ. ತಟ್ಟೆ ಲೋಟದಿಂದ ಅದೂ ಬರಲ್ಲ.

ಮದ್ದೂರ್‌ವಡೆ
8 ಫೆಬ್ರವರಿ 2025

ಬೈದುಕೊಂಡರೂ ಪರವಾಗಿಲ್ಲ, ಕೇಳ್ತೀನಿ. ಇವರದ್ದು ಗಂಟಿಂದು, ಸರಿ. ಪಕ್ಕದ ಮೆಷಿನ್‌ನಲ್ಲಿ ಇರೋನಿಗೆ ನಿಜವಾಗ್ಲೂ ಶ್ವಾಸಕೋಶದ್ದು ಇದ್ರೆ? ಅದೇ ಬಸ್ಸು, ಅದೇ ಕ್ಯಾಂಟೀನು. ನಮ್ಮನೇಲೂ ಎರಡು ವರ್ಷದ ಮಗು ಇದೆ. ಅವನ ಪ್ರೈವಸಿ ಅಂತ ನಾವು ಬಾಯಿ ಮುಚ್ಕೊಂಡು ಇರಬೇಕಾ?

ವಾರ್ಡ್‌ಸಿಸ್ಟರ್
9 ಫೆಬ್ರವರಿ 2025

ಬೈಯೋದೇನಿದೆ, ಕೇಳಬೇಕಾದ್ದೇ. ಟಿಬಿ 2012ರಿಂದ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆ. ಪ್ರೈವೇಟ್ ಡಾಕ್ಟರ್ ಆದರೂ ಆರೋಗ್ಯ ಇಲಾಖೆಗೆ ತಿಳಿಸಬೇಕು. ಜೊತೆಯಲ್ಲಿ ಇರುವವರನ್ನು ಯಾರನ್ನು ಪರೀಕ್ಷೆ ಮಾಡಬೇಕು ಅನ್ನೋದು ಇಲಾಖೆಯವರ ಕೆಲಸ. ಮೊದಲು ಮನೆಯವರನ್ನು ನೋಡುತ್ತಾರೆ. ಅಂದರೆ ಸುದ್ದಿ ಹೋಗಬೇಕಾದ ದಾರಿ ಒಂದಿದೆ, ಅದು ಡಾಕ್ಟರಿಂದ ಇಲಾಖೆಗೆ. ಸೂಪರ್‌ವೈಸರಿಂದ ಗ್ರೂಪಿಗಲ್ಲ. ಸರಿಯಾದ ಔಷಧಿ ಶುರುವಾಗಿ ಎರಡು ವಾರ ಆಗುವಷ್ಟರಲ್ಲಿ ಸಾಮಾನ್ಯವಾಗಿ ಹರಡುವ ಅಪಾಯ ಬಹಳ ಇಳಿದುಹೋಗಿರುತ್ತೆ. ಅಪಾಯ ಇರುವುದು ಕಾಯಿಲೆ ಗೊತ್ತಿಲ್ಲದೆ ಕೆಮ್ಮುತ್ತಾ ಡ್ಯೂಟಿ ಮಾಡುವವನಿಂದ. ಗ್ರೂಪಿನಲ್ಲಿ ಹೆಸರು ಹರಾಜಾಗುತ್ತೆ ಅಂತ ಗೊತ್ತಾದರೆ ಅಂಥವನು ಟೆಸ್ಟಿಗೇ ಹೋಗಲ್ಲ. ನಿಮ್ಮ ಮಗುವಿಗೆ ಅದೇ ಹೆಚ್ಚು ಅಪಾಯ.

ಕೋರ್ಟ್‌ಹಾಲ್ ಹೊರಗೆ
9 ಫೆಬ್ರವರಿ 2025

ಕಾರ್ಮಿಕ ಪ್ರಕರಣಗಳನ್ನು ನಡೆಸುವವಳು. ಉದ್ದವಾಗುತ್ತದೆ, ಸಮಾಧಾನವಾಗಿ ಓದಿ.

ನಮ್ಮಲ್ಲಿ ಆರೋಗ್ಯದ ಗುಟ್ಟು ಕಾಪಾಡುವ ಕಾನೂನು ತೆಳು, ಕೆಲಸ ಉಳಿಸುವ ಕಾನೂನು ಗಟ್ಟಿ. ಹಾಗಾಗಿ ಮೊದಲು ಕೆಲಸ ಭದ್ರ ಮಾಡಿಕೊಳ್ಳಿ, ಗ್ರೂಪಿನ ವಿಚಾರ ಅದರ ಬೆನ್ನಿಗೆ ತೆಗೆದುಕೊಳ್ಳಿ. ನನ್ನ ಹತ್ತಿರ ಬಂದವರೆಲ್ಲ ಗ್ರೂಪಿನಂಥ ವಿಚಾರವನ್ನೇ ಮೊದಲು ಕೇಳುತ್ತಾರೆ. ಅವಮಾನ ಮೊದಲು ಸುಡುತ್ತದಲ್ಲ.

ನಿಮ್ಮ ಸಂಬಳ 21,000 ಮಿತಿಯೊಳಗಿದೆ, ಇಎಸ್‌ಐ ನಿಮ್ಮ ಹಕ್ಕು. ಪೇ ಸ್ಲಿಪ್ ತೆಗೆದು ನೋಡಿ, ನಿಮ್ಮಿಂದ ಶೇ 0.75, ಅಂದರೆ 18 ಸಾವಿರಕ್ಕೆ 135 ರೂಪಾಯಿ ಹಿಡಿದಿರಬೇಕು. ಕಂಪನಿ ತನ್ನ ಕೈಯಿಂದ ಶೇ 3.25 ಕಟ್ಟಬೇಕು. ಈ ಜನವರಿಯಿಂದ ಜೂನ್‌ವರೆಗೆ ಕಾಯಿಲೆ ಬಿದ್ದರೆ ನೋಡುವುದು ಕಳೆದ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆ. ಆ ಆರು ತಿಂಗಳಲ್ಲಿ 78 ದಿನದ ವಂತಿಗೆ ಇದ್ದರೆ ಸಾಕು, ದಿನದ ಸರಾಸರಿ ಕೂಲಿಯ ಶೇ 70ರಷ್ಟು, ವರ್ಷಕ್ಕೆ 91 ದಿನದವರೆಗೆ ಇಎಸ್‌ಐ ಕೊಡುತ್ತದೆ. ಮೊದಲ ಎರಡು ದಿನ ಸಿಗುವುದಿಲ್ಲ. ನಿಮಗೆ ಸರಾಸರಿ 600 ಅಂತಿಟ್ಟುಕೊಂಡರೆ ದಿನಕ್ಕೆ 420.

ಟಿಬಿಗೆ ಇನ್ನೊಂದಿದೆ, ಬಹಳ ಜನಕ್ಕೆ ಗೊತ್ತೇ ಇಲ್ಲ. ದೀರ್ಘಕಾಲದ 34 ಕಾಯಿಲೆಗಳ ಪಟ್ಟಿಯಲ್ಲಿ ಟಿಬಿಯೂ ಇದೆ. ಎರಡು ವರ್ಷ ಸತತ ಕೆಲಸ, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ 156 ದಿನದ ವಂತಿಗೆ ಇದ್ದರೆ, 91 ದಿನ ಮುಗಿದ ಮೇಲೂ ಶೇ 80ರ ಲೆಕ್ಕದಲ್ಲಿ ಮುಂದುವರಿಯುತ್ತದೆ. ನಿಮ್ಮದು ಮೂರು ವರ್ಷ ಆಗಿದೆ ಅಂದಿರಿ, ಬ್ರಾಂಚ್ ಆಫೀಸಿನಲ್ಲಿ ಕೇಳಿ.

ಈಗ ಹೆಚ್‌ಆರ್ ಫೋನಿನ ವಿಷಯ. 1948ರ ಇಎಸ್‌ಐ ಕಾಯ್ದೆಯ 73ನೇ ಸೆಕ್ಷನ್ ಓದಿ. ಮೇಲೆ ಹೇಳಿದ ಕಾಯಿಲೆ ಹಣ, ಅಂದರೆ ಸಿಕ್‌ನೆಸ್ ಬೆನಿಫಿಟ್, ಪಡೆಯುತ್ತಿರುವ ಅವಧಿಯಲ್ಲಿ ಮಾಲೀಕ ಆ ನೌಕರನನ್ನು ವಜಾ ಮಾಡುವ ಹಾಗಿಲ್ಲ, ಹಿಂಬಡ್ತಿ ಕೊಡುವ ಹಾಗಿಲ್ಲ, ಬೇರೆ ಶಿಕ್ಷೆಯನ್ನೂ ವಿಧಿಸುವ ಹಾಗಿಲ್ಲ. ಆ ಅವಧಿಯಲ್ಲಿ ಕೊಟ್ಟ ವಜಾ ನೋಟಿಸಿಗೆ ಬೆಲೆಯೇ ಇಲ್ಲ. ರಿಸೈನ್ ಕೇಳುತ್ತಿರುವುದು ಇದಕ್ಕೇ. ನಾಲೆಏರಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ.

'ಎಂಟು ದಿನ ಬರದಿದ್ದರೆ ತಾನಾಗಿ ಕೆಲಸ ಹೋಗುತ್ತೆ, ಸ್ಟ್ಯಾಂಡಿಂಗ್ ಆರ್ಡರ್‌ನಲ್ಲೇ (ಕಂಪನಿಯ ಸೇವಾ ನಿಯಮಗಳಲ್ಲೇ) ಇದೆ' ಅಂತ ಹೆದರಿಸಬಹುದು. ಆ ಸಾಲು ಇರುತ್ತದೆ, ನಿಜ. ಆದರೆ ಡಿ.ಕೆ. ಯಾದವ್ ಪ್ರಕರಣದಲ್ಲಿ 1993ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಸ್ಟ್ಯಾಂಡಿಂಗ್ ಆರ್ಡರ್‌ನಲ್ಲಿ ಬರೆದಿದ್ದರೂ ವಿಚಾರಣೆ ಮಾಡದೆ, ನೌಕರನ ಮಾತು ಕೇಳದೆ ತೆಗೆಯುವಂತಿಲ್ಲ ಅಂತ. ಒಂದು ಬಾಗಿಲು ಮಾತ್ರ ಮಾಲೀಕರಿಗೆ ತೆರೆದೇ ಇದೆ. ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 'ಸತತ ಅನಾರೋಗ್ಯ'ದ ಕಾರಣಕ್ಕೆ ತೆಗೆದರೆ ಅದು ರಿಟ್ರೆಂಚ್‌ಮೆಂಟ್, ಅಂದರೆ ನೋಟಿಸು, ಪರಿಹಾರ ಕೊಟ್ಟು ಮಾಡಬೇಕಾದ ವಜಾ, ಅನ್ನಿಸಿಕೊಳ್ಳುವುದಿಲ್ಲ. ಗುಣವಾಗುವ ಕಾಯಿಲೆಗೆ, ಸರ್ಟಿಫಿಕೇಟ್ ಇರುವ ರಜೆಗೆ ಅದನ್ನು ಎಳೆದು ತಂದರೆ ಲೇಬರ್ ಕೋರ್ಟಿನಲ್ಲಿ ಪ್ರಶ್ನಿಸಬಹುದು. ಕರ್ನಾಟಕದ ತಿದ್ದುಪಡಿ ಪ್ರಕಾರ ವಜಾ ಆದೇಶ ಕೈ ಸೇರಿದ ಆರು ತಿಂಗಳೊಳಗೆ ನೇರವಾಗಿ ಲೇಬರ್ ಕೋರ್ಟಿಗೇ ಹೋಗಬಹುದು. ಮೈಸೂರಿನಲ್ಲೇ ಇದೆ, ಬೆಂಗಳೂರಿಗೆ ಅಲೆಯಬೇಕಿಲ್ಲ.

ಮನೆ ಹತ್ತಿರ ಬಂದವರ ವಿಷಯ ನಾಳೆ ಬರೆಯುತ್ತೇನೆ.

ಗೇಟ್‌ಪಾಸ್
9 ಫೆಬ್ರವರಿ 2025

ನಾನು ಹೆಚ್‌ಆರ್. ಬೇರೆ ಫ್ಯಾಕ್ಟರಿ, ನಂಜನಗೂಡು ಕಡೆ. ಇಲ್ಲಿ ಎಲ್ಲರೂ ನಮ್ಮ ಜಾತಿಗೇ ಕಲ್ಲು ಹೊಡೀತಿದ್ದೀರ, ಒಂದು ಮಾತು ಕೇಳಿ.

ಗ್ರೂಪಿಗೆ ಹಾಕಿದ್ದು ಶುದ್ಧ ತಪ್ಪು. ಅದರಲ್ಲಿ ಎರಡು ಮಾತಿಲ್ಲ. ಆದರೆ ಅನುಮಾನ ಪಡೋದು ಯಾಕೆ ಅಂತಲೂ ಗೊತ್ತಿರಲಿ. ಬೆನ್ನುನೋವು, ಏಳೋಕೇ ಆಗಲ್ಲ ಅಂತ ಸರ್ಟಿಫಿಕೇಟ್ ಕಳಿಸಿದವನು ಸುತ್ತೂರು ಜಾತ್ರೆಯಲ್ಲಿ ಕುಸ್ತಿ ಅಖಾಡದ ಪಕ್ಕ ನಿಂತು ಸ್ಟೇಟಸ್ ಹಾಕ್ತಾನೆ. ನಾಟಿ ಬಂತು ಅಂದ್ರೆ ಅರ್ಧ ಲೈನಿಗೆ ಒಂದೇ ದಿನ ಭೇದಿ. ಎಲ್ಲರ ಸರ್ಟಿಫಿಕೇಟೂ ಒಂದೇ ಕ್ಲಿನಿಕ್‌ದು, ಒಂದೇ ಪೆನ್ನಿಂದು.

ನಾನು ನೋಡೋದು ತಾರೀಕು, ಸೀಲು, ಡಾಕ್ಟರ್ ರಿಜಿಸ್ಟ್ರೇಷನ್ ನಂಬರು. ಡೌಟ್ ಬಂದರೆ ಕ್ಲಿನಿಕ್‌ಗೆ ಫೋನ್ ಮಾಡಿ 'ಈ ಸರ್ಟಿಫಿಕೇಟ್ ನೀವೇ ಕೊಟ್ಟಿದ್ದಾ' ಅಂತ ಕೇಳ್ತೀನಿ, ಅಷ್ಟೇ. ಡಾಕ್ಟರುಗಳು ಕೊಟ್ಟ ಸರ್ಟಿಫಿಕೇಟಿಗೆಲ್ಲ ರಿಜಿಸ್ಟರ್ ಇಡಬೇಕು, ಕಾಪಿ ಇಟ್ಟುಕೊಳ್ಳಬೇಕು ಅಂತ ಮೆಡಿಕಲ್ ಕೌನ್ಸಿಲ್‌ನ 2002ರ ನಿಯಮವೇ ಇದೆ. ಹೌದು ಅಥವಾ ಇಲ್ಲ ಅಂದರೆ ನನ್ನ ಕೆಲಸ ಮುಗೀತು.

ಇನ್ನೊಂದು, 'ಸರ್ಟಿಫಿಕೇಟಲ್ಲಿ ರೋಗದ ಹೆಸರೇ ಇರಬಾರದು' ಅಂತ ಕೆಲವರು ವಾದ ಮಾಡ್ತಾರೆ. ಅದೇ ನಿಯಮದ ನಮೂನೆಯಲ್ಲೇ 'ಇಂಥ ಕಾಯಿಲೆಯಿಂದ ಬಳಲುತ್ತಿದ್ದಾರೆ' ಅನ್ನೋ ಜಾಗ ಇದೆ. ಹಾಗಾಗಿ ಹೆಸರು ಬಂದೇ ಬರುತ್ತೆ. ಬಂದ ಹಾಳೆ ಯಾರ ಬೀರುವಿನಲ್ಲಿ ಇರುತ್ತೆ ಅನ್ನೋದು ಪ್ರಶ್ನೆ. ನಮ್ಮಲ್ಲಿ ಮುಚ್ಚಿದ ಕವರಿನಲ್ಲಿ ಪರ್ಸನಲ್ ಫೈಲಿಗೆ ಹೋಗುತ್ತೆ. ಸೂಪರ್‌ವೈಸರಿಗೆ ಹೋಗೋದು 'ಇಂಥ ದಿನದಿಂದ ಇಂಥ ದಿನದವರೆಗೆ ರಜೆ' ಅಷ್ಟೇ. ಸ್ಕ್ಯಾನಿಂಗ್ ರಿಪೋರ್ಟ್ ಇಟ್ಕೊಂಡು ಸೂಪರ್‌ವೈಸರ್ ಏನು ಮಾಡ್ತಾನೆ, ಆಪರೇಷನ್ ಮಾಡ್ತಾನಾ?

ಹೆಬ್ಬಾಳ ಸೆಕೆಂಡ್ ಶಿಫ್ಟ್
9 ಫೆಬ್ರವರಿ 2025

ಗೇಟ್‌ಪಾಸ್ ಸರ್, ಜಾತ್ರೆ ಉದಾಹರಣೆಗೆ ನನ್ನ ತಕರಾರಿದೆ. ನಾನು ಐಟಿ. ಡಿಪ್ರೆಶನ್‌ಗೆ ರಜೆಯಲ್ಲಿದ್ದೆ. ಡಾಕ್ಟರ್ ಹೇಳಿದ್ದೇ ಮನೆಯಲ್ಲಿ ಬಾಗಿಲು ಹಾಕಿಕೊಂಡು ಮಲಗಬೇಡ, ದಿನಾ ನಡಿ ಅಂತ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ವಾಕ್ ಮಾಡುವಾಗ ಟೀಮಿನವರೊಬ್ಬರು ನೋಡಿ, ಮ್ಯಾನೇಜರಿಗೆ ಸುದ್ದಿ ಮುಟ್ಟಿಸಿ, ಸಂಜೆಗೆ 'ಆರಾಮಾಗಿ ಓಡಾಡ್ತಿದ್ದೀಯಂತೆ' ಅಂತ ಮೆಸೇಜು. ಮನೆಯಿಂದ ಹೊರಗೆ ಕಂಡರೆ ಕಾಯಿಲೆ ಸುಳ್ಳಾಗುತ್ತಾ? ಕಾಲು ಮುರಿದವನಿಗೂ ತಲೆ ಕೆಟ್ಟವನಿಗೂ ಒಂದೇ ಹಾಸಿಗೆನಾ?

ನನ್ನ ತೊಂದರೆ ಇನ್ನೂ ವಿಚಿತ್ರ. ಸರ್ಟಿಫಿಕೇಟ್‌ನಲ್ಲಿ ಡಾಕ್ಟರ್ ಕಾಯಿಲೆ ಹೆಸರು ಬರೆಯದೆ 'ವಿಶ್ರಾಂತಿ ಬೇಕು' ಅಂತಷ್ಟೇ ಬರೆದಿದ್ದರು. ಆದರೆ ಲೆಟರ್‌ಹೆಡ್‌ನಲ್ಲಿ ಮೇಲೇ ದಪ್ಪಕ್ಷರದಲ್ಲಿ 'ಮನೋರೋಗ ತಜ್ಞರು'! ಮುಗೀತಲ್ಲ. ಆಮೇಲೆ ಪ್ರಾಜೆಕ್ಟ್ ಬದಲಾಯಿಸುವಾಗ 'ನಿನಗೆ ಒತ್ತಡ ಬೇಡ ಅಂತ' ಅಂದರು. ಬಡ್ತಿಯೂ ಇಲ್ಲ.

ಕೋರ್ಟ್‌ಹಾಲ್ ಹೊರಗೆ
10 ಫೆಬ್ರವರಿ 2025

ಹೆಬ್ಬಾಳದವರೇ, ದೊಡ್ಡ ಆಸ್ಪತ್ರೆಯಾದರೆ ಆಸ್ಪತ್ರೆಯ ಸಾಮಾನ್ಯ ಲೆಟರ್‌ಹೆಡ್‌ನಲ್ಲೇ ಕೊಡಿ ಅಂತ ಕೇಳಿ, ಬಹುತೇಕ ಡಾಕ್ಟರುಗಳು ಇಲ್ಲ ಅನ್ನುವುದಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಗೌಪ್ಯತೆಯನ್ನು ರೋಗಿಯ ಹಕ್ಕು ಅಂತಲೇ ಹೇಳುತ್ತದೆ. ಆದರೆ ಅದು ಕಟ್ಟಿಹಾಕುವುದು ಚಿಕಿತ್ಸೆ ಕೊಡುವವರನ್ನು. ಮ್ಯಾನೇಜರನ್ನು ಅದೇ ಹಗ್ಗದಲ್ಲಿ ಕಟ್ಟಲು ಬರುವುದಿಲ್ಲ. ಎಚ್‌ಐವಿ ಒಂದಕ್ಕೆ ಮಾತ್ರ ಕಾನೂನು ನಿಜವಾಗಿ ಬಿಗಿ. 2017ರ ಕಾಯ್ದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ, ಕೆಲಸಕ್ಕಾಗಿ ಟೆಸ್ಟ್ ಮಾಡಿಸಿಕೋ ಅನ್ನುವಂತಿಲ್ಲ, ಸ್ಥಿತಿ ಬಹಿರಂಗ ಮಾಡುವಂತಿಲ್ಲ, ತಾರತಮ್ಯ ಮಾಡುವಂತಿಲ್ಲ.

ನಿಮ್ಮಂಥವರಿಗೆ ಇಎಸ್‌ಐ ಇರುವುದಿಲ್ಲ, ಆದರೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ವರ್ಷಕ್ಕೆ 12 ದಿನ ಸಂಬಳ ಸಹಿತ ಕಾಯಿಲೆ ರಜೆ ಇದೆ. ಆಡಳಿತದ ಹುದ್ದೆಯವರಿಗೆ ಅನ್ವಯಿಸದು. ಗ್ರೂಪ್ ಇನ್ಶೂರೆನ್ಸ್ ಕ್ಲೇಮ್ ಇದ್ದರೆ ಬಿಲ್ಲು, ಡಿಸ್ಚಾರ್ಜ್ ಸಮ್ಮರಿಗಳನ್ನು ಹೆಚ್‌ಆರ್ ಕೈಗೆ ಕೊಡಬೇಡಿ. ಟಿಪಿಎ (ವಿಮೆ ಕ್ಲೇಮ್ ನೋಡಿಕೊಳ್ಳುವ ಸಂಸ್ಥೆ) ಆ್ಯಪ್ ಇದ್ದರೆ ಅದರಲ್ಲೇ ನೀವೇ ಹಾಕಿ. ಗುಟ್ಟು ಸೋರುವುದು ಅಲ್ಲೇ.

ಕಬ್ಬಿನಗದ್ದೆ, ನಿಮ್ಮ ವಿಷಯಕ್ಕೆ. ಕಂಪನಿಗೆ ಅನುಮಾನವಿದ್ದರೆ ಇಎಸ್‌ಐ ಕಚೇರಿಗೆ ಬರೆಯಲಿ. ಅಲ್ಲಿ ಮೆಡಿಕಲ್ ರೆಫರಿ ಇದ್ದಾರೆ, ನಿಮ್ಮನ್ನು ಕರೆಸಿ ನೋಡುತ್ತಾರೆ, ನೀವು ಹೋಗಲೇಬೇಕು. ಡೈರಿ ಹತ್ತಿರ ವಿಚಾರಣೆ ಮಾಡುವ ಅಧಿಕಾರ ಯಾವ ಕಾಯ್ದೆಯಲ್ಲೂ ಯಾರಿಗೂ ಕೊಟ್ಟಿಲ್ಲ. ಮನೆಯೊಳಗೆ ಬಿಟ್ಟುಕೊಳ್ಳುವುದು ಬಿಡುವುದು ನಿಮ್ಮಿಷ್ಟ.

ಹಾಗೆಯೇ ನಿಮ್ಮ ಕಡೆಯ ಕಟ್ಟುಪಾಡೂ ಇದೆ. ಇಎಸ್‌ಐ ಕಾಯ್ದೆಯ 64ನೇ ಸೆಕ್ಷನ್ ಪ್ರಕಾರ ಚಿಕಿತ್ಸೆ ತಪ್ಪಿಸಬಾರದು, ಗುಣವಾಗುವುದನ್ನು ತಡಮಾಡುವ ಕೆಲಸ ಮಾಡಬಾರದು, ಡಾಕ್ಟರ್ ಅನುಮತಿ ಇಲ್ಲದೆ ಚಿಕಿತ್ಸೆಯ ಪ್ರದೇಶ ಬಿಟ್ಟು ಹೋಗಬಾರದು. ಬೆನಿಫಿಟ್ ತೆಗೆದುಕೊಂಡ ದಿನ ಬೇರೆ ಕಡೆ ಕೂಲಿ ಮಾಡಿದರೆ ಆ ದಿನದ ಹಣ ಹೋಗುವುದಷ್ಟೇ ಅಲ್ಲ, ಕೇಸೂ ಆಗಬಹುದು. ಜಗುಲಿ ಮೇಲೆ ಕೂತ ಫೋಟೋದಿಂದ ಏನೂ ಆಗದು. ಕಬ್ಬು ಕಡಿಯುತ್ತಿರುವ ಫೋಟೋ ಸಿಕ್ಕರೆ ಬೇರೆ ಮಾತು.

ಗ್ರೂಪಿನ ವಿಷಯ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂದಿತು. ಆ ಅರ್ಜಿ ಹಾಕಿದ ಪುಟ್ಟಸ್ವಾಮಿಯವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿಗಳೇ ಆಗಿದ್ದರು. ಆದರೆ ಮೂಲಭೂತ ಹಕ್ಕು ಮುಖ್ಯವಾಗಿ ಸರ್ಕಾರದ ಎದುರು ನಿಲ್ಲುವಂಥದ್ದು, ಖಾಸಗಿ ಕಂಪನಿ ಮೇಲೆ ನೇರವಾಗಿ ಎತ್ತಿ ಹಾಕುವುದು ಕಷ್ಟ. ಕಂಪನಿಗೆ ತಾಗುವುದು 2011ರ ಐಟಿ ನಿಯಮ. ಅದರಲ್ಲಿ ದೇಹದ, ಮನಸ್ಸಿನ ಆರೋಗ್ಯ ಸ್ಥಿತಿ, ವೈದ್ಯಕೀಯ ದಾಖಲೆ ಎಲ್ಲವೂ ಸೂಕ್ಷ್ಮ ಮಾಹಿತಿ. ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಕೊಡುವಂತಿಲ್ಲ. ಪರಿಹಾರ ಕೇಳುವುದು ರಾಜ್ಯದ ಐಟಿ ಕಾರ್ಯದರ್ಶಿಯ ಮುಂದೆ. ದಾರಿ ಉದ್ದ, ಹಾಗಾಗಿ ನಿಮಗೆ ಆಸೆ ಹುಟ್ಟಿಸುವುದಿಲ್ಲ. ಆದರೆ ಈ ಎರಡು ಸಾಲನ್ನು ಪತ್ರದಲ್ಲಿ ಬರೆದು ಮ್ಯಾನೇಜ್‌ಮೆಂಟಿಗೆ ಕಳಿಸಿದರೆ ಗ್ರೂಪಿನಿಂದ ರಿಪೋರ್ಟು ಮಾಯವಾಗುವುದನ್ನು ನೋಡಿದ್ದೇನೆ. ಡಿಲೀಟ್ ಆಗುವ ಮುಂಚೆ ಸ್ಕ್ರೀನ್‌ಶಾಟ್ ತೆಗೆದಿಡಿ, ಹಾಕಿದವರ ನಂಬರು, ಸಮಯ ಕಾಣುವ ಹಾಗೆ.

ಟೈಲರಕ್ಕ
10 ಫೆಬ್ರವರಿ 2025

ನಾನು ಗಾರ್ಮೆಂಟ್ಸು, ಮದ್ದೂರು ಹತ್ರ. ಹೋದ ವರ್ಷ ಗರ್ಭ ನಿಲ್ಲಲಿಲ್ಲ. ಏನಕ್ಕೆ ರಜೆ ಅಂತ ಗಂಡಸು ಸೂಪರ್‌ವೈಸರ್ ಮುಂದೆ, ಇಡೀ ಬ್ಯಾಚ್ ಕೇಳಿಸಿಕೊಳ್ಳೋ ಹಾಗೆ ಹೇಳಬೇಕಾಯ್ತು. ಹೊಟ್ಟೆನೋವು ಅಂದೆ. 'ಹೊಟ್ಟೆನೋವಿಗೆ ಎರಡು ದಿನ ಸಾಕು' ಅಂದು ಕರೆಸಿಕೊಂಡ್ರು. ರಕ್ತ ಹೋಗ್ತಾನೇ ಇತ್ತು, ಮೆಷಿನ್ ತುಳೀತಿದ್ದೆ. ಇದಕ್ಕೆ ರಜೆ ಇದೆ ಅಂತ ಯಾರೂ ಹೇಳಲಿಲ್ಲ.

ಕೋರ್ಟ್‌ಹಾಲ್ ಹೊರಗೆ
10 ಫೆಬ್ರವರಿ 2025

ಇದೆ ಅಕ್ಕ. ಗರ್ಭಪಾತವಾದರೆ ಆರು ವಾರ, ಸಂಬಳದೊಂದಿಗೆ. ಇಎಸ್‌ಐ ಇದ್ದರೆ ಇಎಸ್‌ಐನಿಂದ, ಇಲ್ಲದಿದ್ದರೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಮಾಲೀಕರಿಂದ. ಅದರಿಂದ ಕಾಯಿಲೆಯಾದರೆ ಮೇಲೆ ಇನ್ನೊಂದು ತಿಂಗಳು. ಮುಂದೆ ಯಾರಿಗಾದರೂ ಹೀಗಾದರೆ ಸೂಪರ್‌ವೈಸರಿಗೆ ಕಾರಣ ಹೇಳುವ ಅಗತ್ಯವಿಲ್ಲ, ಡಾಕ್ಟರ್ ಚೀಟಿಯನ್ನು ಕವರಿಗೆ ಹಾಕಿ ಹೆಂಗಸರು ಯಾರಾದರೂ ಹೆಚ್‌ಆರ್‌ನಲ್ಲಿದ್ದರೆ ಅವರ ಕೈಗೆ ಕೊಡಿ. ನಿಮಗೆ ಆದದ್ದಕ್ಕೆ ಬಹಳ ಬೇಸರವಾಯಿತು.

ನಾಲೆಏರಿ
10 ಫೆಬ್ರವರಿ 2025

ಲಾಯರಮ್ಮ ಎಲ್ಲಾ ಹೇಳವ್ರೆ. ನಾನ್ ಒಂದ್ ಪೋಸ್ಟಾಫೀಸ್ ಕೆಲ್ಸ ಹೇಳ್ತೀನಿ. ಒಂದ್ ಲೆಟ್ರು ಬರಿ ತಮ್ಮ. ಇಂಥಾ ತಾರೀಕಿಂದ ಇಎಸ್‌ಐ ರೆಸ್ಟಲ್ಲಿ ಇವ್ನಿ, ಸರ್ಟಿಫಿಕೇಟ್ ಜೊತೇಲಿ ಇಟ್ಟಿವ್ನಿ, ಇಂಥಾ ದಿನ ಫೋನ್ ಮಾಡಿ ರಿಸೈನ್ ಕೇಳುದ್ರಿ, ನಾನು ಕೊಡೋನಲ್ಲ, ವಾಸಿ ಆದ್ಮೇಲೆ ಫಿಟ್‌ನೆಸ್ ತಗಂಡು ಡ್ಯೂಟಿಗೆ ಬತ್ತೀನಿ. ಇಷ್ಟೇಯ. ಬಯ್ಗುಳ ಬ್ಯಾಡ, ಅಳು ಬ್ಯಾಡ. ರಿಜಿಸ್ಟರ್ಡ್ ಪೋಸ್ಟು, ಅಕ್ನಾಲೆಡ್ಜ್‌ಮೆಂಟ್ ಕಾರ್ಡ್ ಅಂಟ್ಸಿ. ಸೂಪರ್‌ವೈಸರ್ ಹೆಸ್ರುಗಲ್ಲ, ಮ್ಯಾನೇಜ್‌ಮೆಂಟ್ ಹೆಸ್ರುಗೆ. ವಾಪಸ್ ಬರೋ ಕಾರ್ಡ್‌ನ ಪಾಸ್‌ಬುಕ್ ಥರ ಎತ್ತಿಟ್ಕೊ. ಒಂದ್ ಕಾಪಿ ಕಾರ್ಮಿಕ ಅಧಿಕಾರಿಗೂ ಹಾಕು.

ಕಬ್ಬಿನಗದ್ದೆ
22 ಫೆಬ್ರವರಿ 2025

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೆಟರ್ ಹಾಕಿದೆ, ಅಣ್ಣ ಹೇಳಿದ ಹಾಗೇ. ಕಾರ್ಡು ಸೀಲು ಬಿದ್ದು ವಾಪಸ್ ಬಂತು. ಆಮೇಲೆ ರಿಸೈನ್ ಮಾತು ಎತ್ತಿಲ್ಲ. ಹೆಚ್‌ಆರ್ ಫೋನ್ ಮಾಡಿ 'ಲೆಟರೆಲ್ಲ ಯಾಕಪ್ಪ, ಮನೆಯವರ ಥರ ಇದ್ವಲ್ಲ' ಅಂದರು. ಗ್ರೂಪಿನಲ್ಲಿದ್ದ ರಿಪೋರ್ಟು ಹೋಗಿದೆ, ನನ್ನನ್ನೂ ಗ್ರೂಪಿಂದ ತೆಗೆದಿದ್ದಾರೆ!

ಸಿಸ್ಟರ್ ಹೇಳಿದ್ದನ್ನ ಒಬ್ಬ ಗೆಳೆಯ ಗ್ರೂಪಿನಲ್ಲಿ ಹಾಕಿದ್ದಾನೆ. ಕ್ಯಾಂಟೀನಿನಲ್ಲಿ ನನ್ನ ಜೊತೆ ಕೂರುತ್ತಿದ್ದವರಲ್ಲಿ ಇಬ್ಬರು ಮನೆಗೆ ಬಂದು ಮಾತಾಡಿಸಿಕೊಂಡು ಹೋದರು. ಊರಿನವರ ಬಾಯಿ ಮಾತ್ರ ಹಾಗೇ ಇದೆ. ಅದಕ್ಕೆ ಯಾವ ಸೆಕ್ಷನ್ನೂ ಇಲ್ಲ ಅಂತ ಗೊತ್ತು.

ಮದ್ದೂರ್‌ವಡೆ
22 ಫೆಬ್ರವರಿ 2025

ನಮ್ಮ ಫ್ಯಾಕ್ಟರಿ ಗ್ರೂಪಿಗೂ ಸಿಸ್ಟರ್ ಬರೆದಿದ್ದನ್ನ ಫಾರ್ವರ್ಡ್ ಮಾಡಿದೆ. ಹೆಸರು ಹಾಕಿಲ್ಲ. ಬೇಗ ಹುಷಾರಾಗಿ ಗುರು.

ಕೋರ್ಟ್‌ಹಾಲ್ ಹೊರಗೆ
14 ಡಿಸೆಂಬರ್ 2025

ಈ ಚರ್ಚೆಯನ್ನು ಈಗ ಹುಡುಕಿಕೊಂಡು ಬರುವವರಿಗೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಇಎಸ್‌ಐ, ಹೆರಿಗೆ ಸೌಲಭ್ಯ ಎರಡೂ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಹೋಗಿವೆ. ಕೈಗಾರಿಕಾ ವಿವಾದ ಕಾಯ್ದೆಯ ಜಾಗದಲ್ಲಿ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ, ಲೇಬರ್ ಕೋರ್ಟಿನ ಆರು ತಿಂಗಳ ಲೆಕ್ಕ ಹಳೆಯ ಕಾಯ್ದೆಯದು. ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟ್ ಜೊತೆ ಸೇರಿಹೋಗಿದೆ. ನಾನು ಮೇಲೆ ಬರೆದ ಸೆಕ್ಷನ್ ನಂಬರುಗಳನ್ನು ಹಾಗೇ ಪತ್ರದಲ್ಲಿ ನಕಲು ಮಾಡಬೇಡಿ, ಹೊಸ ನಂಬರು ನೋಡಿ ಬರೆಯಿರಿ. ಅಂಗಡಿ ಕಾಯ್ದೆ ರಾಜ್ಯದ್ದು, ಅದು ಬೇರೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆಯ ನಿಯಮಗಳೂ ಅದೇ ನವೆಂಬರ್‌ನಲ್ಲಿ ಬಂದವು, ಆದರೆ ಕಂಪನಿಗಳ ಮೇಲಿನ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ಇದೆ.

ಗೇಟ್‌ಪಾಸ್
15 ಡಿಸೆಂಬರ್ 2025

ಮೇಡಂ, ಆ ಕಾಯ್ದೆಯಲ್ಲಿ 'ಉದ್ಯೋಗದ ಉದ್ದೇಶಕ್ಕೆ' ಅಂದ್ರೆ ಒಪ್ಪಿಗೆ ಇಲ್ಲದೇನೇ ಮಾಹಿತಿ ಬಳಸಬಹುದು ಅಂತ ಒಂದು ಸಾಲು ಇದೆಯಲ್ಲ. ನಮ್ಮ ಮೇಲಿನವರು ಈಗಲೇ ಅದನ್ನ ಹಿಡ್ಕೊಂಡು ಕೂತಿದ್ದಾರೆ, ಕಾಯಿಲೆ ವಿವರ ಎಲ್ಲಾ ತಗೋಬಹುದು ಅಂತ.

ಕೋರ್ಟ್‌ಹಾಲ್ ಹೊರಗೆ
15 ಡಿಸೆಂಬರ್ 2025

ಇದೆ, 7ನೇ ಸೆಕ್ಷನ್. ಹಾಜರಿ ಲೆಕ್ಕ ಹಾಕುವುದು ಉದ್ಯೋಗದ ಉದ್ದೇಶ ಅಂತ ಒಪ್ಪೋಣ. ಲೈನ್ ಗ್ರೂಪಿಗೆ ಹಾಕುವುದು ಯಾವ ಉದ್ಯೋಗ ಅಂತ ನಿಮ್ಮ ಮೇಲಿನವರನ್ನು ಕೇಳಿ ನೋಡಿ. ಈ ಜಗಳ ಕೋರ್ಟಿಗೆ ಬಂದೇ ಬರುತ್ತದೆ.